ಪ್ರಮೋಷನ್ ಇಂಟರ್‌ವ್ಯೂಗೆ ತಯಾರಾಗುವುದು ಹೇಗೆ: ಕೋಲಾರ ಭಾಗದ ಕಾರ್ಖಾನೆ, ಬ್ಯಾಂಕ್ ನೌಕರರಿಗೆ ಸಮಗ್ರ ಮಾರ್ಗದರ್ಶಿ

ಹೊಸ ಕೆಲಸಕ್ಕೆ ಇಂಟರ್‌ವ್ಯೂ ಕೊಡುವಾಗ ಎದುರಿಗೆ ಕೂತವರಿಗೆ ನಿಮ್ಮ ಪರಿಚಯವೇ ಇರುವುದಿಲ್ಲ. ಪ್ರಮೋಷನ್ ಇಂಟರ್‌ವ್ಯೂ ಹಾಗಲ್ಲ. ನಿಮ್ಮ ಹಾಜರಾತಿ, ಕಳೆದ ವರ್ಷಗಳ ಅಪ್ರೈಸಲ್ ಅಂಕ, ಬಂದ ಮೆಮೊ, ಪಡೆದ ತರಬೇತಿ ಎಲ್ಲವೂ ಅವರ ಮುಂದಿನ ಹಾಳೆಯಲ್ಲಿರುತ್ತದೆ. ಈಗಿನ ಕೆಲಸವನ್ನು ನೀವು ಚೆನ್ನಾಗಿ ಮಾಡುತ್ತೀರಿ ಎಂದು ತಿಳಿದೇ ಕರೆದಿರುತ್ತಾರೆ. ಮೇಲಿನ ಹುದ್ದೆಯಲ್ಲಿ ಕೂರಿಸಿದರೆ ಅಲ್ಲಿನ ಕೆಲಸ ನಿಮ್ಮಿಂದ ಆಗುತ್ತದೆಯೇ ಎಂಬುದಷ್ಟೇ ಅವರಿಗೆ ತಿಳಿಯಬೇಕಾಗಿರುವುದು.

ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳಲ್ಲಿ ಹತ್ತು ವರ್ಷ ಕೈ ಪಳಗಿದ ಆಪರೇಟರ್‌ಗಳು, ಬ್ಯಾಂಕ್ ಕೌಂಟರಿನಲ್ಲಿ ಲೆಕ್ಕ ತಪ್ಪದೆ ದುಡಿದ ಗುಮಾಸ್ತರು ಇಂಟರ್‌ವ್ಯೂನಲ್ಲಿ ಹಿಂದೆ ಬೀಳುವುದು ಇಲ್ಲಿಯೇ. ಕೇಳಿದ ಪ್ರತಿ ಪ್ರಶ್ನೆಗೂ ಅವರು ಈಗಿನ ಕುರ್ಚಿಯಲ್ಲಿ ಕೂತೇ ಉತ್ತರ ಕೊಡುತ್ತಾರೆ. ಮೇಲಿನ ಕುರ್ಚಿಯಲ್ಲಿ ಕೂತವರಂತೆ ಯೋಚಿಸಿ ಉತ್ತರಿಸುವುದನ್ನು ರೂಢಿಸಿಕೊಳ್ಳಬೇಕು. ಅದಕ್ಕೆ ಕನಿಷ್ಠ ಮೂರು ವಾರ ಬೇಕು, ದಿನಕ್ಕೆ ಮುಕ್ಕಾಲು ಗಂಟೆ. ಮೊದಲ ವಾರ ಮಾಹಿತಿ ಕೂಡಿಸುವುದು, ಎರಡನೆಯದು ಬರೆಯುವುದು, ಮೂರನೆಯದು ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡುವುದು. ಬಿ ಶಿಫ್ಟ್‌ನವರು ರಾತ್ರಿ ಮನೆಗೆ ಬಂದ ಮೇಲೆ ಕೂರಬೇಡಿ, ಬೆಳಿಗ್ಗೆ ಕೂರಿ. ಸುಸ್ತಾದ ತಲೆಯಲ್ಲಿ ಬರೆದದ್ದು ಮರುದಿನ ಉಪಯೋಗಕ್ಕೆ ಬರುವುದಿಲ್ಲ.

ಸುತ್ತೋಲೆಯಿಂದ ಆರಂಭಿಸಿ

ಪ್ರಮೋಷನ್ ಸುತ್ತೋಲೆ ಅಥವಾ ಎಚ್‌ಆರ್ ವಿಭಾಗದ ಮೇಲ್ ಬಂದ ದಿನವೇ ಅದನ್ನು ಪ್ರಿಂಟ್ ಹಾಕಿಸಿಕೊಳ್ಳಿ. ಅರ್ಹತೆಗೆ ಎಷ್ಟು ವರ್ಷದ ಸೇವೆ ಬೇಕು, ಯಾವ ದಿನಾಂಕಕ್ಕೆ ಲೆಕ್ಕ ಹಾಕುತ್ತಾರೆ, ಲಿಖಿತ ಪರೀಕ್ಷೆ ಇದೆಯೇ, ಅಪ್ರೈಸಲ್‌ಗೂ ಇಂಟರ್‌ವ್ಯೂಗೂ ಎಷ್ಟೆಷ್ಟು ಅಂಕ, ಇಂಟರ್‌ವ್ಯೂನಲ್ಲಿ ಕನಿಷ್ಠ ಅಂಕ ಪಡೆಯಲೇಬೇಕೇ ಎಂಬುದನ್ನೆಲ್ಲ ಗುರುತು ಹಾಕಿ. ಕನಿಷ್ಠ ಅಂಕದ ನಿಯಮವಿದ್ದರೆ ಅಪ್ರೈಸಲ್‌ನಲ್ಲಿ ಎಷ್ಟೇ ಮುಂದಿದ್ದರೂ ಇಂಟರ್‌ವ್ಯೂ ಕೆಟ್ಟರೆ ಪಟ್ಟಿಯಲ್ಲಿ ಹೆಸರು ಬರುವುದಿಲ್ಲ.

ಆಮೇಲೆ ಮೇಲಿನ ಹುದ್ದೆಯ ಕೆಲಸದ ವಿವರ ಹುಡುಕಿ. ಎಚ್‌ಆರ್ ಕಡೆ ಕೇಳಿದರೆ ಸಾಮಾನ್ಯವಾಗಿ ಕೊಡುತ್ತಾರೆ. ಇಲ್ಲದಿದ್ದರೆ ಈಗ ಆ ಹುದ್ದೆಯಲ್ಲಿ ಇರುವವರನ್ನು ಚಹಾ ಬಿಡುವಿನಲ್ಲಿ ಹಿಡಿದು ಕೇಳಿ: "ಅಣ್ಣ, ಬೆಳಿಗ್ಗೆ ಬಂದ ತಕ್ಷಣ ನೀವು ಮೊದಲು ಏನು ನೋಡ್ತೀರ? ವಾರದಲ್ಲಿ ಯಾವ್ಯಾವ ರಿಪೋರ್ಟ್ ಕಳಿಸ್ತೀರ? ಮೇಲಿನವರಿಂದ ಬೈಸ್ಕೊಳ್ಳೋದು ಯಾವ ವಿಷಯಕ್ಕೆ?" ಮೂರನೆಯ ಪ್ರಶ್ನೆಯನ್ನು ಬಿಡಬೇಡಿ. ಆ ಹುದ್ದೆಯವರು ಯಾವುದಕ್ಕೆ ಹೊಣೆಯೋ ಅದಕ್ಕೇ ಬೈಸಿಕೊಳ್ಳುತ್ತಾರೆ, ಪ್ಯಾನೆಲ್‌ನವರು ಕೇಳುವುದೂ ಅದರ ಸುತ್ತಲೇ.

ಈ ಎರಡನ್ನೂ ಸೇರಿಸಿ ಮೇಲಿನ ಹುದ್ದೆಯ ಐದಾರು ಹೊಣೆಗಳನ್ನು ಒಂದು ಹಾಳೆಯ ಎಡಬದಿಗೆ ಬರೆಯಿರಿ. ಲೈನ್ ಸೂಪರ್‌ವೈಸರ್ ಆದರೆ ಉತ್ಪಾದನೆ, ಗುಣಮಟ್ಟ, ಸುರಕ್ಷತೆ, ಜನರ ಹಂಚಿಕೆ, ಶಿಫ್ಟ್ ಹಸ್ತಾಂತರ, ಹೊಸಬರ ತರಬೇತಿ. ಬಲಬದಿ ಖಾಲಿ ಇರಲಿ. ಅದನ್ನು ತುಂಬಿಸುವುದೇ ಮುಂದಿನ ಕೆಲಸ.

ದುಡಿಮೆಯನ್ನು ಅಂಕಿಗೆ ಇಳಿಸುವುದು

ಕಳೆದ ಎರಡು ಮೂರು ವರ್ಷದಲ್ಲಿ ನಿಮ್ಮ ಈಗಿನ ಕೆಲಸದ ಎಲ್ಲೆ ದಾಟಿ ಮಾಡಿದ್ದನ್ನೆಲ್ಲ ನೆನಪಿಸಿಕೊಂಡು ಬರೆಯಿರಿ. ಲೀಡರ್ ರಜೆ ಹೋದಾಗ ಲೈನ್ ನೋಡಿಕೊಂಡದ್ದು, ಹೊಸ ಹುಡುಗರಿಗೆ ಕೆಲಸ ಕಲಿಸಿದ್ದು, ಪದೇಪದೇ ನಿಲ್ಲುತ್ತಿದ್ದ ಯಂತ್ರದ ಕಾರಣ ಹುಡುಕಿಕೊಟ್ಟದ್ದು, ಆಡಿಟ್ ದಿನ ದಾಖಲೆ ಹೊಂದಿಸಿದ್ದು. ಸಣ್ಣದು ಎಂದು ಯಾವುದನ್ನೂ ಈಗಲೇ ತೆಗೆದುಹಾಕಬೇಡಿ. ಹದಿನೈದಿಪ್ಪತ್ತು ಸಿಗುತ್ತವೆ, ಅದರಲ್ಲಿ ಆರು ಉಳಿಯುತ್ತವೆ.

ಪ್ರತಿಯೊಂದಕ್ಕೂ ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂಬ ಎರಡು ಅಂಕಿ ಬೇಕು. ಅವು ಶಿಫ್ಟ್ ರಿಪೋರ್ಟ್, ಲೈನ್ ಮುಂದಿನ ಪ್ರೊಡಕ್ಷನ್ ಬೋರ್ಡ್, ರಿಜೆಕ್ಷನ್ ರಿಜಿಸ್ಟರ್, ಕೈಜೆನ್ ಹಾಳೆ (ಕೆಲಸದ ಸುಧಾರಣೆಯ ದಾಖಲೆ), ತರಬೇತಿ ದಾಖಲೆಗಳಲ್ಲಿ ಸಿಗುತ್ತವೆ. ನೆನಪಿನಿಂದ ಅಂದಾಜು ಹೇಳಬೇಡಿ. ಪ್ಯಾನೆಲ್‌ನಲ್ಲಿ ನಿಮ್ಮ ವಿಭಾಗದವರೇ ಒಬ್ಬರು ಇರುತ್ತಾರೆ, ತಪ್ಪು ಅಂಕಿ ತಕ್ಷಣ ಸಿಕ್ಕಿಬೀಳುತ್ತದೆ. ಒಂದು ಅಂಕಿ ಸುಳ್ಳಾದರೆ ಉಳಿದ ಐದನ್ನೂ ಅವರು ನಂಬುವುದಿಲ್ಲ. ಹಾಗೆಂದು ರಿಜಿಸ್ಟರ್‌ನ ಫೋಟೊ ತೆಗೆದು ಮನೆಗೆ ತರಲೂಬಾರದು. ಎಷ್ಟೋ ಕಾರ್ಖಾನೆಗಳಲ್ಲಿ ಒಳಗೆ ಮೊಬೈಲೇ ಬಿಡುವುದಿಲ್ಲ, ಗ್ರಾಹಕ ಕಂಪನಿಯ ಹೆಸರು, ಡ್ರಾಯಿಂಗ್ ಹೊರಗೆ ಬಂದರೆ ಅದೇ ಶಿಸ್ತು ಕ್ರಮಕ್ಕೆ ದಾರಿ. ನಿಮ್ಮ ಅಂಕಿಯನ್ನಷ್ಟೇ ಚೀಟಿಯಲ್ಲಿ ಬರೆದುಕೊಳ್ಳಿ.

ಅಂಕಿಯನ್ನು ರೂಪಾಯಿಗೆ ಇಳಿಸಿದರೆ ಅದಕ್ಕೆ ತೂಕ ಬರುತ್ತದೆ. ಎರಡನೇ ಶಿಫ್ಟ್‌ನಲ್ಲಿ ದಿನಕ್ಕೆ 700 ಬಿಡಿಭಾಗ ತಯಾರಾಗುತ್ತವೆ, ಗೀರಿನ ಕಾರಣಕ್ಕೆ 3.2% ರೀವರ್ಕ್‌ಗೆ (ಮತ್ತೆ ಸರಿಪಡಿಸಲು) ಹೋಗುತ್ತಿತ್ತು, ಅಂದರೆ ಸುಮಾರು 22 ಎಂದಿಟ್ಟುಕೊಳ್ಳಿ. ಟ್ರೇ ಒಳಗಿನ ಸವೆದ ಹೊದಿಕೆ ಬದಲಿಸಿದ ಮೇಲೆ ಅದು 0.9%ಕ್ಕೆ, ಸುಮಾರು 6ಕ್ಕೆ ಬಂತು. ಒಂದರ ರೀವರ್ಕ್‌ಗೆ 40 ರೂಪಾಯಿ ಎಂದರೆ ದಿನಕ್ಕೆ ಉಳಿದದ್ದು 640, ತಿಂಗಳ 25 ದಿನಕ್ಕೆ 16,000. ದೊಡ್ಡ ಮೊತ್ತವಲ್ಲ. ಆದರೆ ಹೀಗೆ ಲೆಕ್ಕ ಹಾಕುವ ಆಪರೇಟರ್ ಆಗಲೇ ಸೂಪರ್‌ವೈಸರ್ ಹಾಗೆ ಯೋಚಿಸುತ್ತಿದ್ದಾನೆ ಎಂದು ಪ್ಯಾನೆಲ್‌ಗೆ ತಿಳಿಯುತ್ತದೆ.

ಓಇಇ (ಯಂತ್ರ ತನ್ನ ಪೂರ್ಣ ಸಾಮರ್ಥ್ಯದಲ್ಲಿ ಎಷ್ಟು ಪಾಲು ದುಡಿಯಿತು ಎಂಬ ಅಳತೆ) ಬಗ್ಗೆ ಕೇಳದ ಉತ್ಪಾದನಾ ಪ್ಯಾನೆಲ್ ಅಪರೂಪ. ವ್ಯಾಖ್ಯೆ ಬಾಯಿಪಾಠ ಮಾಡಿದರೆ ಸಾಲದು, ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಲು ಬರಬೇಕು. 480 ನಿಮಿಷದ ಶಿಫ್ಟ್‌ನಲ್ಲಿ ಊಟ, ಚಹಾಕ್ಕೆ 50 ನಿಮಿಷ ಕಳೆದರೆ 430. ಯಂತ್ರ ಕೆಟ್ಟು 43 ನಿಮಿಷ ನಿಂತರೆ ಓಡಿದ್ದು 387, ಲಭ್ಯತೆ 90%. ಒಂದು ಬಿಡಿಭಾಗಕ್ಕೆ 30 ಸೆಕೆಂಡ್ ಎಂದರೆ 387 ನಿಮಿಷದಲ್ಲಿ 774 ಬರಬೇಕು, ಬಂದದ್ದು 697, ವೇಗ 90%. ಅದರಲ್ಲಿ ಒಳ್ಳೆಯವು 676, ಗುಣಮಟ್ಟ 97%. ಮೂರನ್ನೂ ಗುಣಿಸಿದರೆ 78.6%. ತಾಳೆ ನೋಡುವ ಸುಲಭ ದಾರಿಯೂ ಇದೆ: 676 ಒಳ್ಳೆಯ ಬಿಡಿಭಾಗಕ್ಕೆ ಬೇಕಾದದ್ದು 338 ನಿಮಿಷ, ಅದನ್ನು 430ರಿಂದ ಭಾಗಿಸಿದರೂ 78.6% ಬರುತ್ತದೆ. ನಿಮ್ಮದೇ ಲೈನ್‌ನ ಅಂಕಿ ಹಾಕಿ ಇದನ್ನು ನಾಲ್ಕೈದು ಸಲ ಮಾಡಿ. ಮೂರರಲ್ಲಿ ಯಾವುದು ನಿಮ್ಮ ಲೈನ್‌ಗೆ ಏಟು ಕೊಡುತ್ತಿದೆ ಎಂಬುದೇ ಅವರ ಮುಂದಿನ ಪ್ರಶ್ನೆ.

ಒಂದು ಘಟನೆಯನ್ನು ಒಂದೂವರೆ ನಿಮಿಷದಲ್ಲಿ ಹೇಳುವುದು

ಆರಿಸಿದ ಆರು ಘಟನೆಗಳನ್ನು ಮೊದಲ ಹಾಳೆಯ ಬಲಬದಿಯಲ್ಲಿ, ಅದು ಯಾವ ಹೊಣೆಗೆ ಸಾಕ್ಷಿಯೋ ಅದರ ಎದುರು ಬರೆಯಿರಿ. ಉತ್ಪಾದನೆಗೆ ನಾಲ್ಕು ಘಟನೆ ಇದ್ದು ಸುರಕ್ಷತೆಯ ಎದುರು ಖಾಲಿ ಉಳಿದರೆ ಅಲ್ಲಿಗೆ ಒಂದನ್ನು ಹುಡುಕಲೇಬೇಕು.

ಹೇಳುವಾಗ ಪರಿಸ್ಥಿತಿಗೆ 15 ಸೆಕೆಂಡ್ ಸಾಕು. ನೀವು ಏನು ನಿರ್ಧರಿಸಿದಿರಿ, ಏಕೆ, ಯಾರನ್ನು ಒಪ್ಪಿಸಿದಿರಿ ಎಂಬುದಕ್ಕೆ ಮುಕ್ಕಾಲು ನಿಮಿಷ. ಫಲಿತಾಂಶಕ್ಕೆ 20 ಸೆಕೆಂಡ್. ಕೊನೆಯ 10 ಸೆಕೆಂಡ್‌ನಲ್ಲಿ ಅದು ಮತ್ತೆ ಮರುಕಳಿಸದ ಹಾಗೆ ಏನು ವ್ಯವಸ್ಥೆ ಮಾಡಿದಿರಿ ಎಂದು ಹೇಳಬೇಕು. ಬಹಳ ಮಂದಿ ಈ ಕೊನೆಯ ಭಾಗವನ್ನು ಬಿಟ್ಟೇಬಿಡುತ್ತಾರೆ. ತೊಂದರೆ ಸರಿಪಡಿಸುವುದು ಆಪರೇಟರ್ ಕೆಲಸ, ಅದು ಮರಳಿ ಬಾರದಂತೆ ನೋಡಿಕೊಳ್ಳುವುದು ಸೂಪರ್‌ವೈಸರ್ ಕೆಲಸ.

ಮೇಲಿನ ಗೀರಿನ ಘಟನೆಯನ್ನೇ ತೆಗೆದುಕೊಳ್ಳಿ. ದುರ್ಬಲ ಉತ್ತರ ಹೀಗಿರುತ್ತದೆ: "ನಮ್ ಲೈನಲ್ಲಿ ರಿಜೆಕ್ಷನ್ ಜಾಸ್ತಿ ಇತ್ತು ಸಾರ್, ಎಲ್ಲಾರೂ ಸೇರ್ಕೊಂಡು ಕಷ್ಟಪಟ್ಟು ಕಮ್ಮಿ ಮಾಡಿದ್ವಿ." ಇದರಲ್ಲಿ ಅಂಕಿ ಇಲ್ಲ, ಕಾರಣ ಇಲ್ಲ, ಹೇಳುವವರು ಏನು ಮಾಡಿದರು ಎಂಬುದೂ ಇಲ್ಲ. ಗಟ್ಟಿ ಉತ್ತರ ಹೀಗೆ: "ಸಾರ್, ಹೋದ ಜುಲೈನಲ್ಲಿ ಬಿ ಶಿಫ್ಟ್ ರೀವರ್ಕ್ 3.2% ಇತ್ತು, ಎ ಶಿಫ್ಟ್‌ನಲ್ಲಿ 1% ಒಳಗೇ ಇತ್ತು. ಮೆಷಿನ್ ಒಂದೇ, ಜನಕ್ಕೂ ಒಂದೇ ಟ್ರೈನಿಂಗ್. ಅದಕ್ಕೆ ಎರಡು ಶಿಫ್ಟ್‌ಗೂ ಬೇರೆ ಬೇರೆ ಇರೋದು ಏನು ಅಂತ ಮೂರು ದಿನ ನೋಡಿದೆ. ಬಿ ಶಿಫ್ಟ್‌ಗೆ ಬರ್ತಿದ್ದ ಟ್ರೇಗಳು ಹಳೇವು, ಒಳಗಿನ ಹೊದಿಕೆ ಸವೆದಿತ್ತು. ಹತ್ತು ಟ್ರೇ ಬದಲಾಯಿಸಿ ನೋಡೋಣ ಅಂತ ಲೀಡರ್ ಹತ್ರ ಪರ್ಮಿಷನ್ ತಗೊಂಡೆ. ವಾರದಲ್ಲಿ 0.9%ಗೆ ಬಂತು. ಈಗ ಟ್ರೇ ಹೊದಿಕೆ ನೋಡೋದನ್ನ ಶಿಫ್ಟ್ ಶುರುವಿನ ಚೆಕ್‌ಲಿಸ್ಟ್‌ಗೆ ಸೇರಿಸಿದ್ದೀವಿ, ಮತ್ತೆ ಆ ಸಮಸ್ಯೆ ಬಂದಿಲ್ಲ."

ನಮ್ಮ ಕಡೆ ದೊಡ್ಡವರ ಮುಂದೆ "ನಾನು ಮಾಡಿದೆ" ಎನ್ನುವುದು ಅಹಂಕಾರ ಎಂದು ಕಲಿಸಿರುತ್ತಾರೆ. "ಎಲ್ಲ ನಿಮ್ಮ ಆಶೀರ್ವಾದ ಸಾರ್" ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಇರುತ್ತದೆ. ಆ ವಿನಯ ಒಳ್ಳೆಯದೇ, ಆದರೆ ಪ್ಯಾನೆಲ್ ಅಂಕ ಕೊಡಬೇಕಾದದ್ದು ನಿಮ್ಮ ಪಾಲಿನ ಕೆಲಸಕ್ಕೆ. ನೀವು ನೋಡಿದ್ದನ್ನು, ನಿರ್ಧರಿಸಿದ್ದನ್ನು, ಕೇಳಿದ್ದನ್ನು "ನಾನು" ಎಂದೇ ಹೇಳಿ. ಜೊತೆಯವರು ಮಾಡಿದ್ದನ್ನು ಅವರ ಹೆಸರಿಗೇ ಕೊಡಿ: "ಹೊದಿಕೆ ಕತ್ತರಿಸಿ ಹಾಕಿಕೊಟ್ಟೋರು ಮೇಂಟೆನೆನ್ಸ್‌ನವರು." ಪಾಲನ್ನು ಹೀಗೆ ಸರಿಯಾಗಿ ಹಂಚುವವರ ಮೇಲೆ ನಂಬಿಕೆ ಹುಟ್ಟುತ್ತದೆ.

ಬಂದೇ ಬರುವ ಪ್ರಶ್ನೆಗಳು

"ನಿಮ್ಮ ಬಗ್ಗೆ ಹೇಳಿ" ಎಂದಾಗ ಹುಟ್ಟಿದ ಊರು, ತಂದೆಯ ಕಸುಬು, ಮಕ್ಕಳ ಓದು ಬೇಡ. ಈಗಿನ ಹುದ್ದೆ, ಎಷ್ಟು ವರ್ಷ, ಯಾವ್ಯಾವ ವಿಭಾಗ, ದೊಡ್ಡ ಎರಡು ಸಾಧನೆ, ಮೇಲಿನ ಹುದ್ದೆಗೆ ಹೊಂದುವ ಒಂದು ಅನುಭವ ಹೇಳಿ ನಿಲ್ಲಿಸಿ. ಒಂದು ನಿಮಿಷದಲ್ಲಿ ಮುಗಿಯಬೇಕು. ಇಲ್ಲಿ ನೀವು ಏನು ಹೇಳುತ್ತೀರೋ ಅದರಿಂದಲೇ ಮುಂದಿನ ಪ್ರಶ್ನೆ ಹುಟ್ಟುತ್ತದೆ, ಆದ್ದರಿಂದ ಚೆನ್ನಾಗಿ ತಯಾರಾದ ಘಟನೆಯ ಸುಳಿವನ್ನು ಇಲ್ಲೇ ಬಿಡಬಹುದು.

"ನಿಮಗೇ ಯಾಕೆ ಕೊಡಬೇಕು?" ಎಂಬುದಕ್ಕೆ "ಹನ್ನೆರಡು ವರ್ಷ ಆಯ್ತು ಸಾರ್, ನನ್ನ ಜೊತೆ ಸೇರಿದೋರೆಲ್ಲ ಮೇಲೆ ಹೋದ್ರು" ಎನ್ನುವ ಉತ್ತರ ಬೇಡವೇ ಬೇಡ. ಸೀನಿಯಾರಿಟಿ ಅವರ ಹಾಳೆಯಲ್ಲಿ ಇದ್ದೇ ಇದೆ. ನೋವು ನಿಜವೇ ಇರಬಹುದು, ಆದರೆ ಆ ಕೋಣೆಯಲ್ಲಿ ಅದು ದೂರಿನಂತೆ ಕೇಳಿಸುತ್ತದೆ. ಹುದ್ದೆಯ ಮೂರು ಹೊಣೆ ಹೆಸರಿಸಿ, ಮೂರಕ್ಕೂ ಒಂದೊಂದು ಸಾಕ್ಷಿ ಕೊಡಿ.

ಅಪ್ರೈಸಲ್‌ನಲ್ಲಿ ಒಂದು ವರ್ಷ ಅಂಕ ಕಡಿಮೆ ಬಂದಿದ್ದರೆ ಅದನ್ನು ಕೇಳುತ್ತಾರೆ. ಹಿಂದಿನ ಬಾಸ್ ಮೇಲೆ ಹಾಕಬೇಡಿ. ಏನಾಯಿತು, ಆಮೇಲೆ ಏನು ಬದಲಿಸಿಕೊಂಡಿರಿ, ಮುಂದಿನ ವರ್ಷದ ಅಂಕ ಎಷ್ಟು ಎಂದು ಮೂರು ವಾಕ್ಯದಲ್ಲಿ ಹೇಳಿ ಮುಗಿಸಿ. ಮೆಮೊ ಇದ್ದರೂ ಅಷ್ಟೇ. ಮುಚ್ಚಿಡಲು ಹೋದರೆ ಅದೇ ಇಡೀ ಇಂಟರ್‌ವ್ಯೂ ನುಂಗುತ್ತದೆ.

ದೌರ್ಬಲ್ಯದ ಪ್ರಶ್ನೆಗೆ "ಜಾಸ್ತಿ ಕೆಲಸ ಮಾಡ್ತೀನಿ" ಎನ್ನುವ ಉತ್ತರವನ್ನು ಅವರು ಸಾಕಷ್ಟು ಸಲ ಕೇಳಿರುತ್ತಾರೆ. ಎಕ್ಸೆಲ್‌ನಲ್ಲಿ ವರದಿ ಮಾಡುವುದು ನಿಧಾನ, ಕಳೆದ ಎರಡು ತಿಂಗಳಿಂದ ಕಲಿಯುತ್ತಿದ್ದೇನೆ, ಈಗ ವಾರದ ರಿಪೋರ್ಟ್ ನಾನೇ ಮಾಡುತ್ತೇನೆ ಎನ್ನುವಂಥ ನಿಜವಾದ, ಸರಿಪಡಿಸಬಹುದಾದ ಒಂದನ್ನು ಹೇಳಿ. ಆ ಹುದ್ದೆಗೇ ಆಧಾರವಾದ ಗುಣದ ಕೊರತೆಯನ್ನು, ಉದಾಹರಣೆಗೆ ಸಿಟ್ಟು ತಡೆಯಲು ಆಗುವುದಿಲ್ಲ ಎಂಬುದನ್ನು, ಹೇಳಬೇಡಿ.

"ಮೊದಲ ಮೂರು ತಿಂಗಳು ಏನು ಮಾಡುತ್ತೀರಿ?" ಎಂದು ಕೇಳಿದಾಗ ಬಂದ ದಿನವೇ ಎಲ್ಲ ಬದಲಿಸುವ ಮಾತು ಆಡಬಾರದು. ಮೊದಲ ತಿಂಗಳು ಪ್ರತಿ ಸ್ಟೇಷನ್, ಪ್ರತಿಯೊಬ್ಬರನ್ನೂ ತಿಳಿಯುವುದು. ಎರಡನೆಯ ತಿಂಗಳು ಹೆಚ್ಚು ನಷ್ಟ ಮಾಡುವ ಒಂದೇ ಸಮಸ್ಯೆ ಹಿಡಿಯುವುದು. ಮೂರನೆಯದರಲ್ಲಿ ಅದರ ಫಲಿತಾಂಶ ತೋರಿಸುವುದು. ಆ ಒಂದು ಸಮಸ್ಯೆ ಯಾವುದು ಎಂದು ಹೆಸರಿಟ್ಟು ಹೇಳಿದರೆ ಉತ್ತರಕ್ಕೆ ಜೀವ ಬರುತ್ತದೆ.

ಸೂಪರ್‌ವೈಸರ್ ಹುದ್ದೆ: ಸನ್ನಿವೇಶ ಕೊಟ್ಟು ಕೇಳುವ ಪ್ರಶ್ನೆಗಳು

ಕಾರ್ಖಾನೆಯ ಇಂಟರ್‌ವ್ಯೂನಲ್ಲಿ ಅಂಕ ಹೆಚ್ಚು ಹೋಗುವುದೂ ಬರುವುದೂ ಇಲ್ಲೇ, ಹಾಗಾಗಿ ಸ್ವಲ್ಪ ವಿವರವಾಗಿ ನೋಡೋಣ.

ಯುಗಾದಿ ಮರುದಿನ, ಅಥವಾ ಸುತ್ತಲ ಹಳ್ಳಿಯಲ್ಲಿ ಜಾತ್ರೆ. 22 ಜನರ ಲೈನ್‌ನಲ್ಲಿ 6 ಜನ ಬಂದಿಲ್ಲ. ಏನು ಮಾಡುತ್ತೀರಿ? "ಇರೋರಲ್ಲೇ ಹೇಗೋ ಓಡಿಸ್ತೀನಿ ಸಾರ್" ಎಂಬ ಉತ್ತರದಲ್ಲಿ ಉತ್ಸಾಹ ಇದೆ, ಅಪಾಯವೂ ಇದೆ. ಗೊತ್ತಿಲ್ಲದವರನ್ನು ಗುಣಮಟ್ಟದ ಮುಖ್ಯ ಸ್ಟೇಷನ್‌ನಲ್ಲಿ ನಿಲ್ಲಿಸಿದರೆ ಆ ದಿನದ ಸರಕು ಗ್ರಾಹಕರಿಂದ ವಾಪಸ್ ಬರಬಹುದು. ಸರಿಯಾದ ಕ್ರಮ ಹೀಗೆ: ಹಬ್ಬದ ಮುಂಚೆಯೇ ಯಾರು ಬರುವುದಿಲ್ಲ ಎಂದು ಕೇಳಿ ಪಟ್ಟಿ ಮಾಡುವುದು, ಆ ದಿನ ಶಿಫ್ಟ್ ಶುರುವಾಗುವ ಕಾಲು ಗಂಟೆ ಮೊದಲೇ ಬಂದು ತಲೆ ಎಣಿಸುವುದು, ಸ್ಕಿಲ್ ಮ್ಯಾಟ್ರಿಕ್ಸ್ (ಯಾರಿಗೆ ಯಾವ ಸ್ಟೇಷನ್‌ನ ಕೆಲಸ ಬರುತ್ತದೆ ಎಂಬ ಪಟ್ಟಿ) ನೋಡಿ, ಲೈನ್‌ನಲ್ಲಿ ಅತಿ ನಿಧಾನದ ಸ್ಟೇಷನ್ ಮತ್ತು ಗುಣಮಟ್ಟ ತಪಾಸಣೆಯ ಸ್ಟೇಷನ್‌ಗಳಿಗೆ ಮೊದಲು ಅರ್ಹರನ್ನು ನಿಲ್ಲಿಸುವುದು, ಹಿಂದಿನ ಶಿಫ್ಟ್‌ನಿಂದ ಒಪ್ಪಿಗೆ ಇರುವವರನ್ನಷ್ಟೇ ಅನುಮತಿ ಪಡೆದು ಓಟಿಗೆ ಉಳಿಸಿಕೊಳ್ಳುವುದು, ಇವತ್ತು ಟಾರ್ಗೆಟ್ ಎಷ್ಟು ಕಡಿಮೆಯಾಗಬಹುದು ಎಂದು ಮೊದಲ ಅರ್ಧ ಗಂಟೆಯಲ್ಲೇ ಮೇಲಿನವರಿಗೆ ತಿಳಿಸುವುದು. ಸಂಜೆ ಕೊರತೆ ತೋರಿಸುವುದಕ್ಕಿಂತ ಬೆಳಿಗ್ಗೆ ತಿಳಿಸುವವರನ್ನೇ ಮ್ಯಾನೇಜರ್‌ಗಳು ನೆಚ್ಚುವುದು.

ಸುರಕ್ಷತೆಯ ಪ್ರಶ್ನೆಯಲ್ಲಿ ರಾಜಿ ಇಲ್ಲ. ಟಾರ್ಗೆಟ್ ಹತ್ತಿರ ಬಂದಿದೆ, ಆಪರೇಟರ್ ಒಬ್ಬರು ಪ್ರೆಸ್‌ನ ಸೆನ್ಸರ್ ಬೈಪಾಸ್ ಮಾಡಿ ಓಡಿಸುತ್ತಿದ್ದಾರೆ ಎಂದರೆ ಉತ್ತರದ ಮೊದಲ ಮಾತೇ "ಮೆಷಿನ್ ನಿಲ್ಲಿಸ್ತೀನಿ" ಎಂದಿರಬೇಕು. ಆಮೇಲೆ ಲಾಕ್ ಹಾಕಿ ಟ್ಯಾಗ್ ಮಾಡುವುದು, ಮೇಂಟೆನೆನ್ಸ್ ಕರೆಸುವುದು, ವರದಿ ಬರೆಯುವುದು, ಏಕೆ ಬೈಪಾಸ್ ಮಾಡಿದರು ಎಂದು ಕೇಳುವುದು. ಸೆನ್ಸರ್ ಸುಮ್ಮಸುಮ್ಮನೆ ನಿಲ್ಲಿಸುತ್ತಿದ್ದರೆ ನಿಜವಾದ ಕಾರಣ ಅಲ್ಲಿದೆ. "ಈ ಬ್ಯಾಚ್ ಮುಗಿಸಿ ನೋಡ್ತೀನಿ" ಎಂದರೆ ಆ ಇಂಟರ್‌ವ್ಯೂ ಅಲ್ಲಿಗೆ ಮುಗಿದಂತೆ.

ಹೆಣ್ಣುಮಕ್ಕಳು ಹೆಚ್ಚಾಗಿ ದುಡಿಯುವ ಲೈನ್‌ಗಳಲ್ಲಿ, ಒಬ್ಬ ಮಹಿಳೆ ಸಹೋದ್ಯೋಗಿಯ ಕಿರುಕುಳದ ಬಗ್ಗೆ ನಿಮ್ಮ ಬಳಿ ಹೇಳಿಕೊಂಡರೆ ಏನು ಮಾಡುತ್ತೀರಿ ಎಂದು ಕೇಳಬಹುದು. ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸುವುದು ಸೂಪರ್‌ವೈಸರ್ ಕೆಲಸವಲ್ಲ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ 10 ಅಥವಾ ಹೆಚ್ಚು ಜನ ದುಡಿಯುವ ಕಡೆ ಆಂತರಿಕ ಸಮಿತಿ ಇರಲೇಬೇಕು, ದೂರನ್ನು ಸಾಮಾನ್ಯವಾಗಿ 3 ತಿಂಗಳೊಳಗೆ ಲಿಖಿತವಾಗಿ ಕೊಡಬೇಕು. ಆಕೆಗೆ ಈ ದಾರಿ ತಿಳಿಸುವುದು, ದೂರು ಬರೆಯಲು ನೆರವಾಗುವುದು, ವಿಷಯವನ್ನು ಗುಟ್ಟಾಗಿ ಇಡುವುದು ನಿಮ್ಮ ಹೊಣೆ.

ನಿನ್ನೆಯವರೆಗೆ ಒಟ್ಟಿಗೆ ಊಟಕ್ಕೆ ಕೂತ ಗೆಳೆಯ ನಾಳೆ ನಿಮ್ಮ ಕೈಕೆಳಗೆ ಬರುತ್ತಾನೆ, ಅವನು ತಡವಾಗಿ ಬಂದರೆ? "ಸ್ನೇಹ ಬೇರೆ, ಕೆಲಸ ಬೇರೆ" ಎನ್ನುವುದು ಎಲ್ಲರೂ ಹೇಳುವ ಮಾತು. ಬದಲಿಗೆ ಕ್ರಮ ಹೇಳಿ: ಮೊದಲ ವಾರವೇ ಪ್ರತ್ಯೇಕವಾಗಿ ಕೂತು ಮಾತಾಡುತ್ತೇನೆ, ಮೊದಲ ಸಲ ಒಬ್ಬನನ್ನೇ ಕರೆದು ಕಾರಣ ಕೇಳುತ್ತೇನೆ, ಎರಡನೇ ಸಲ ರಿಜಿಸ್ಟರ್‌ನಲ್ಲಿ ಬರೆಯುತ್ತೇನೆ, ಬೇರೆಯವರಿಗೂ ಇದೇ ನಿಯಮ. ಮುಳಬಾಗಿಲು ಕಡೆಯ ತೆಲುಗಿನವರು, ಕೆಜಿಎಫ್‌ನ ತಮಿಳಿನವರು, ಉತ್ತರದಿಂದ ಬಂದ ಹಿಂದಿಯವರು ಒಂದೇ ಲೈನ್‌ನಲ್ಲಿ ಇರುವಾಗ ಅವರ ಭಾಷೆಯಲ್ಲಿ ನಾಲ್ಕು ಮಾತು ಬರುವುದು ದೊಡ್ಡ ಅನುಕೂಲ. ನಿಮಗೆ ಬಂದರೆ ಅದನ್ನು ಕೆಲಸದ ಗುಣವಾಗಿಯೇ ಹೇಳಿಕೊಳ್ಳಿ.

ಬ್ಯಾಂಕ್‌ನವರಿಗೆ

ಗುಮಾಸ್ತ ಹುದ್ದೆಯಿಂದ ಅಧಿಕಾರಿ ಹುದ್ದೆಗೆ ಹೋಗುವವರನ್ನು ಮೊದಲು ಕೇಳುವುದು ಅವರ ಶಾಖೆಯ ಅಂಕಿ. ಒಟ್ಟು ಠೇವಣಿ, ಅದರಲ್ಲಿ ಉಳಿತಾಯ ಮತ್ತು ಚಾಲ್ತಿ ಖಾತೆಯ ಪಾಲು, ಒಟ್ಟು ಸಾಲ, ಎನ್‌ಪಿಎ (ವಸೂಲಿ ನಿಂತ ಸಾಲ), ಕಳೆದ ಮಾರ್ಚ್‌ಗೂ ಈಗಿಗೂ ಇರುವ ವ್ಯತ್ಯಾಸ. ಠೇವಣಿ 60 ಕೋಟಿ, ಸಾಲ 45 ಕೋಟಿ ಇದ್ದರೆ ಸಿ.ಡಿ. ಅನುಪಾತ (ಠೇವಣಿಗೆ ಹೋಲಿಸಿದರೆ ಸಾಲದ ಪ್ರಮಾಣ) 75%. ಅಂಕಿ ಹೇಳಿ ಬಿಟ್ಟರೆ ಆಗಲಿಲ್ಲ, ಅದು ಏಕೆ ಹಾಗಿದೆ ಎನ್ನುವುದೇ ಅಧಿಕಾರಿಯ ಉತ್ತರ. ಟೊಮೆಟೊ ದರ ಬಿದ್ದರೆ ಕೋಲಾರ ಎಪಿಎಂಸಿಯನ್ನು ನಂಬಿದ ಹಳ್ಳಿಗಳ ವಸೂಲಿ ಕುಸಿಯುತ್ತದೆ, ಶ್ರೀನಿವಾಸಪುರದ ಕಡೆ ಮಾವಿನ ಹಂಗಾಮು ಕೈಕೊಟ್ಟರೂ ಹಾಗೆಯೇ, ಹಾಲಿನ ಹಣ ಖಾತೆಗೆ ಬರುವ ಮನೆಗಳ ಕಂತು ಹೆಚ್ಚು ಸಲೀಸು. ನಿಮ್ಮ ಶಾಖೆಯ ಸುತ್ತಲ ಬದುಕನ್ನು ಹೀಗೆ ಲೆಕ್ಕದ ಜೊತೆ ಜೋಡಿಸಿ ಹೇಳುವವರು ಪಠ್ಯದ ಉತ್ತರ ಕೊಡುವವರಿಗಿಂತ ಮುಂದೆ ಹೋಗುತ್ತಾರೆ.

ನಿಯಮಗಳಲ್ಲಿ ತಪ್ಪದೆ ಬರಬೇಕಾದವು: ಕಂತು ಬಾಕಿ 1–30 ದಿನ ಎಸ್‌ಎಂಎ-0 (ಎಸ್‌ಎಂಎ ಎಂದರೆ ಎನ್‌ಪಿಎ ಆಗುವ ಮುಂಚಿನ ಎಚ್ಚರಿಕೆಯ ಹಂತ), 31–60 ಎಸ್‌ಎಂಎ-1, 61–90 ಎಸ್‌ಎಂಎ-2, 90 ದಾಟಿದರೆ ಎನ್‌ಪಿಎ. ಬೆಳೆ ಸಾಲಕ್ಕೆ ಲೆಕ್ಕ ಬೇರೆ. ಅಲ್ಪಾವಧಿ ಬೆಳೆಗೆ ಎರಡು ಹಂಗಾಮು, ಒಂದು ವರ್ಷಕ್ಕಿಂತ ದೀರ್ಘ ಅವಧಿಯ ಬೆಳೆಗೆ ಒಂದು ಹಂಗಾಮು ಬಾಕಿ ಉಳಿದರೆ ಎನ್‌ಪಿಎ. ವಾಣಿಜ್ಯ ಬ್ಯಾಂಕುಗಳ ಆದ್ಯತಾ ವಲಯದ (ಕೃಷಿ, ಸಣ್ಣ ಉದ್ದಿಮೆ ಮುಂತಾದವು) ಸಾಲದ ಗುರಿ 40%, ಅದರೊಳಗೆ ಕೃಷಿಗೆ 18%. ಸಣ್ಣ ಉದ್ದಿಮೆಗೆ ಸಾಲ ಕೊಡುವ ಮುದ್ರಾ ಯೋಜನೆಯಲ್ಲಿ ಶಿಶು 50,000ದವರೆಗೆ, ಕಿಶೋರ್ 5 ಲಕ್ಷದವರೆಗೆ, ತರುಣ್ 10 ಲಕ್ಷದವರೆಗೆ, ಹಿಂದಿನ ತರುಣ್ ಸಾಲ ತೀರಿಸಿದವರಿಗೆ ತರುಣ್ ಪ್ಲಸ್ 20 ಲಕ್ಷದವರೆಗೆ. ಜೀವನಜ್ಯೋತಿ ವಿಮೆಗೆ ವರ್ಷಕ್ಕೆ 436, ಸುರಕ್ಷಾ ವಿಮೆಗೆ 20 ರೂಪಾಯಿ. ಹೋಗುವ ಮುಂಚೆ ಇವನ್ನು ನಿಮ್ಮ ಬ್ಯಾಂಕಿನ ಇತ್ತೀಚಿನ ಸುತ್ತೋಲೆಯೊಂದಿಗೆ ಒಮ್ಮೆ ತಾಳೆ ನೋಡಿ.

ಗ್ರಾಮೀಣ ಶಾಖೆಯವರನ್ನು ಹಿಡಿಯುವ ಪ್ರಶ್ನೆ ಒಂದಿದೆ: ರೈತರ ಜಮೀನಿನ ಮೇಲಿನ ಸಾಲ ಎನ್‌ಪಿಎ ಆಯಿತು, 2002ರ ಸರ್ಫೇಸಿ ಕಾಯ್ದೆಯಲ್ಲಿ (ನ್ಯಾಯಾಲಯಕ್ಕೆ ಹೋಗದೆ ಅಡವಿಟ್ಟ ಆಸ್ತಿ ವಶಪಡಿಸಿಕೊಳ್ಳಲು ಬ್ಯಾಂಕಿಗೆ ಅಧಿಕಾರ ಕೊಡುವ ಕಾಯ್ದೆ) 60 ದಿನದ ನೋಟಿಸ್ ಕೊಡುತ್ತೀರಾ? ಕೃಷಿ ಜಮೀನಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಇದನ್ನು ಹೇಳಿ, ಆಮೇಲೆ ನೀವು ಏನು ಮಾಡುತ್ತೀರಿ ಎಂಬುದನ್ನೂ ಹೇಳಿ: ಮನೆಗೆ ಹೋಗಿ ಬೆಳೆಯ ಸ್ಥಿತಿ ನೋಡುವುದು, ಅರ್ಹತೆ ಇದ್ದರೆ ಮರುಹೊಂದಾಣಿಕೆ, ರಾಜಿ ತೀರುವಳಿ, ಕೊನೆಗೆ ನ್ಯಾಯಾಲಯದ ದಾರಿ.

ಯಾವ ಭಾಷೆಯಲ್ಲಿ ಮಾತಾಡಬೇಕು

ಪ್ಯಾನೆಲ್ ಯಾವ ಭಾಷೆಯಲ್ಲಿ ನಡೆಯುತ್ತದೆ ಎಂದು ಮುಂಚೆಯೇ ಎಚ್‌ಆರ್ ಬಳಿ ವಿಚಾರಿಸಿ. ಕನ್ನಡ ಬಲ್ಲವರು ಇದ್ದರೆ ಕನ್ನಡದಲ್ಲೇ ಮಾತಾಡಿ. ರಿಜೆಕ್ಷನ್, ಬ್ರೇಕ್‌ಡೌನ್, ಲಿಮಿಟ್ ಮುಂತಾದ ಕೆಲಸದ ಮಾತುಗಳು ಇದ್ದ ಹಾಗೇ ಇರಲಿ. ಇಂಗ್ಲಿಷ್‌ನಲ್ಲೇ ಕೇಳುವ ಪ್ಯಾನೆಲ್ ಆದರೆ ಉದ್ದ ಉತ್ತರ ಬಾಯಿಪಾಠ ಮಾಡಬೇಡಿ. ಕಂಠಪಾಠದ ಇಂಗ್ಲಿಷ್ ಎರಡನೇ ಪ್ರಶ್ನೆಗೆ ನಿಂತುಹೋಗುತ್ತದೆ, ಆಮೇಲೆ ಗೊತ್ತಿದ್ದದ್ದೂ ಮರೆಯುತ್ತದೆ. ಪ್ರತಿ ಘಟನೆಗೆ ಐದಾರು ಸಣ್ಣ ವಾಕ್ಯ ಸಾಕು. ಮೊದಲ ಒಂದೆರಡು ಉತ್ತರ ಇಂಗ್ಲಿಷ್‌ನಲ್ಲಿ ಕೊಟ್ಟು, ಒಂದು ಘಟನೆಯನ್ನು ವಿವರವಾಗಿ ಕನ್ನಡದಲ್ಲಿ ಹೇಳಬಹುದೇ ಎಂದು ಅನುಮತಿ ಕೇಳುವುದು ಅವಮಾನವಲ್ಲ. ವರದಿ ಬರೆಯುವಷ್ಟು, ಮೇಲ್ ಓದುವಷ್ಟು ಇಂಗ್ಲಿಷ್ ಆ ಹುದ್ದೆಗೆ ಬೇಕಿದ್ದರೆ ಮಾತ್ರ ಅದನ್ನು ಈಗಿನಿಂದಲೇ ಕಲಿಯಲೇಬೇಕು.

ಬಾಯಿಬಿಟ್ಟು ಅಭ್ಯಾಸ

ಮನಸ್ಸಿನಲ್ಲಿ ಹೇಳಿಕೊಂಡದ್ದು ಅಭ್ಯಾಸವಲ್ಲ. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿ. ಪ್ರತಿ ವಾಕ್ಯಕ್ಕೂ "ಅದು ಏನಂದ್ರೆ", "ಆ್ಯಕ್ಚುಯಲಿ" ಬರುತ್ತಿದೆಯೇ, ವಾಕ್ಯದ ಕೊನೆಗೆ ದನಿ ಅಡಗುತ್ತಿದೆಯೇ, ಎರಡು ನಿಮಿಷ ದಾಟಿತೇ ನೋಡಿ. ಮೂರನೇ ವಾರ ಎರಡು ಸಲವಾದರೂ ನಿಮ್ಮ ವಿಭಾಗಕ್ಕೆ ಸಂಬಂಧ ಇಲ್ಲದ ಒಬ್ಬರನ್ನು ಎದುರು ಕೂರಿಸಿ ಹೇಳಿ. ಅವರಿಗೆ ಅರ್ಥವಾಗದಿದ್ದರೆ ಎಚ್‌ಆರ್‌ನಿಂದ ಬಂದ ಪ್ಯಾನೆಲ್ ಸದಸ್ಯರಿಗೂ ಅರ್ಥವಾಗುವುದಿಲ್ಲ. ಪ್ರತಿ ಉತ್ತರದ ಮೇಲೆ "ಯಾಕೆ?", "ಬೇರೆ ದಾರಿ ಇರಲಿಲ್ಲವಾ?" ಎಂದು ಎರಡು ಸಲ ಕೆದಕಲು ಹೇಳಿ.

ಆ ದಿನ

ಸಿ ಶಿಫ್ಟ್ ಮುಗಿಸಿ ಬೆಳಿಗ್ಗೆ ಹತ್ತಕ್ಕೆ ಇಂಟರ್‌ವ್ಯೂಗೆ ಕೂರುವ ಪರಿಸ್ಥಿತಿ ತಂದುಕೊಳ್ಳಬೇಡಿ. ದಿನಾಂಕ ಗೊತ್ತಾದ ಕೂಡಲೇ ಶಿಫ್ಟ್ ಬದಲಾವಣೆ ಕೇಳಿ. ಬೆಂಗಳೂರಿನ ಕಚೇರಿಗೆ ಹೋಗಬೇಕಿದ್ದರೆ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಬಸ್ಸು ಚೆನ್ನಾಗಿಯೇ ಓಡಿ ಕೆ.ಆರ್. ಪುರದ ಹತ್ತಿರ ಸಿಕ್ಕಿಹಾಕಿಕೊಳ್ಳುತ್ತದೆ. ಬಂಗಾರಪೇಟೆ ಅಥವಾ ಮಾಲೂರಿನಲ್ಲಿ ರೈಲು ಹತ್ತಿ ವೈಟ್‌ಫೀಲ್ಡ್‌ನಲ್ಲಿ ಇಳಿದರೆ ಪಕ್ಕದಲ್ಲೇ ನೇರಳೆ ಮಾರ್ಗದ ಮೆಟ್ರೊ, ಎಂ.ಜಿ. ರಸ್ತೆಗೂ ಮೆಜೆಸ್ಟಿಕ್‌ಗೂ ನೇರ ಹೋಗಬಹುದು. ಒಂದು ಗಂಟೆ ಮುಂಚೆ ತಲುಪುವ ಹಾಗೆ ಹೊರಡಿ.

ಕಾರ್ಖಾನೆಯ ಒಳಗೇ ಇಂಟರ್‌ವ್ಯೂ ಇದ್ದರೆ ಒಗೆದು ಇಸ್ತ್ರಿ ಮಾಡಿದ ಯೂನಿಫಾರ್ಮ್ ಸಾಕು. ಹೊರಗಿನ ಕಚೇರಿಗೆ ತಿಳಿಬಣ್ಣದ ಅಂಗಿ, ಗಾಢ ಪ್ಯಾಂಟು, ಅಥವಾ ಮಾಮೂಲಾಗಿ ಉಡುವ ಕಾಟನ್ ಸೀರೆ, ಚೂಡಿದಾರ್. ಹೊಸ ಶೂ ಆ ದಿನ ಮೊದಲ ಸಲ ಹಾಕಬೇಡಿ. ಒಂದು ಫೈಲ್‌ನಲ್ಲಿ ಗುರುತಿನ ಚೀಟಿ, ಕರೆಪತ್ರ, ಓದಿನ ಮತ್ತು ತರಬೇತಿ ಪ್ರಮಾಣಪತ್ರಗಳು, ಆರು ಘಟನೆಗಳ ಒಂದು ಪುಟದ ಪಟ್ಟಿ ಇರಲಿ. ಆನ್‌ಲೈನ್ ಇಂಟರ್‌ವ್ಯೂ ಆದರೆ ಹಿಂದಿನ ದಿನ ಅದೇ ಹೊತ್ತಿಗೆ ನೆಟ್‌ವರ್ಕ್ ನೋಡಿ. ಹಳ್ಳಿಯಲ್ಲಿ ಕರೆಂಟ್ ಹೋಗುವ ಸಮಯ ಅದೇ ಆಗಿದ್ದರೆ ಪಟ್ಟಣದ ನೆಂಟರ ಮನೆಗೆ ಹೋಗುವುದು ಲೇಸು.

ಒಳಗೆ ಹೋದ ಮೇಲೆ ಎಲ್ಲರಿಗೂ ಒಂದು ನಮಸ್ಕಾರ, ಕೂರಿ ಎಂದ ಮೇಲೆ ಕೂರುವುದು. ಪ್ರಶ್ನೆ ಕೇಳಿದವರನ್ನು ನೋಡಿ ಉತ್ತರ ಶುರು ಮಾಡಿ, ನಡುವೆ ಉಳಿದವರ ಕಡೆಗೂ ನೋಡಿ. ಗೊತ್ತಿಲ್ಲದ ಪ್ರಶ್ನೆಗೆ ಸುತ್ತಿ ಬಳಸಬೇಡಿ: "ಇದು ಸರಿಯಾಗಿ ಗೊತ್ತಿಲ್ಲ ಸಾರ್. ಆದ್ರೆ ಲೈನಲ್ಲಿ ಇಂಥದ್ದು ಬಂದ್ರೆ ಮೊದಲು ಇದನ್ನ ನೋಡ್ತೀನಿ, ಆಮೇಲೆ ಕ್ವಾಲಿಟಿಯವರನ್ನ ಕೇಳ್ತೀನಿ." ಒಂದೆರಡು ಸಲ ಹೀಗೆ ಹೇಳುವುದರಿಂದ ಏನೂ ನಷ್ಟವಿಲ್ಲ. ವರ್ಗಾವಣೆಗೆ ಒಪ್ಪುತ್ತೀರಾ ಎಂದು ಕೇಳಿದರೆ ಮನೆಯವರ ಜೊತೆ ಮೊದಲೇ ಮಾತಾಡಿಕೊಂಡ ನಿಜವಾದ ಉತ್ತರ ಕೊಡಿ.

ಫಲಿತಾಂಶದ ನಂತರ

ಹೊರಗೆ ಬಂದ ದಿನವೇ ಕೇಳಿದ ಪ್ರಶ್ನೆಗಳನ್ನೆಲ್ಲ ಬರೆದಿಡಿ. ಆಯ್ಕೆಯಾದರೆ ಆದೇಶಕ್ಕೆ ಸಹಿ ಹಾಕುವ ಮುಂಚೆ ಸಂಬಳದ ಲೆಕ್ಕ ಕೇಳಿ. ಸೂಪರ್‌ವೈಸರ್ ಆದ ಮೇಲೆ ಓಟಿ ಹಣ ನಿಂತುಹೋದರೆ ಮೂಲ ಸಂಬಳ ಏರಿದರೂ ಕೈಗೆ ಬರುವ ಮೊತ್ತ ಕೆಲವು ತಿಂಗಳು ಕಡಿಮೆಯಾಗಬಹುದು, ಸಾಲದ ಕಂತು ಇರುವ ಮನೆಗೆ ಇದು ಮುಂಚೆಯೇ ತಿಳಿದಿರಬೇಕು. ಬ್ಯಾಂಕ್‌ನವರು ಪೋಸ್ಟಿಂಗ್ ಎಲ್ಲಿ, ಬಡ್ತಿ ನಿರಾಕರಿಸಿದರೆ ಮತ್ತೆ ಎಷ್ಟು ವರ್ಷ ಅರ್ಹತೆ ಇರುವುದಿಲ್ಲ ಎಂದು ನಿಯಮ ನೋಡಿಕೊಳ್ಳಿ.

ಆಯ್ಕೆ ಆಗದಿದ್ದರೆ ಎರಡು ವಾರ ಬಿಟ್ಟು, ಮನಸ್ಸು ತಿಳಿಯಾದ ಮೇಲೆ, ಮ್ಯಾನೇಜರ್ ಬಳಿ ಹತ್ತು ನಿಮಿಷ ಸಮಯ ಕೇಳಿ. ಯಾರಿಗೆ ಕೊಟ್ಟಿರಿ, ಏಕೆ ಕೊಟ್ಟಿರಿ ಎಂದು ಕೇಳಬೇಡಿ. ಯಾವ ಹೊಣೆಯ ವಿಷಯದಲ್ಲಿ ನನ್ನ ಉತ್ತರ ಕಡಿಮೆ ಬಿತ್ತು, ಮುಂದಿನ ಸುತ್ತಿನೊಳಗೆ ಯಾವ ಕೆಲಸ ಮಾಡಿ ತೋರಿಸಬೇಕು, ಲೀಡರ್ ರಜೆ ಹೋದಾಗ ಆ ಜಾಗ ನನಗೆ ಕೊಡಬಹುದೇ ಎಂದು ಕೇಳಿ. ಮೂರನೆಯದಕ್ಕೆ ಒಪ್ಪಿಗೆ ಸಿಕ್ಕರೆ ಮೊದಲ ದಿನದಿಂದಲೇ ಆ ಶಿಫ್ಟ್‌ಗಳ ಉತ್ಪಾದನೆ, ರೀವರ್ಕ್, ಗೈರುಹಾಜರಿಯ ಅಂಕಿಯನ್ನು ದಿನಾಂಕ ಸಮೇತ ಬರೆದಿಡಲು ಶುರು ಮಾಡಿ.